ಒಂದು ಸಾಹಸ ಕಾದಂಬರಿಯ ಓದು: ಕಾಠಿನ್ಯವೆಷ್ಟು, ಕಾಲವೆಷ್ಟು?

ಗ್ರಂಥದಾನವು ಕನ್ನಡ ನಾಡಿನ ಪ್ರಾಚೀನ ಧರ್ಮಗಳಲ್ಲೊಂದು. ದಾನಚಿಂತಾಮಣಿಯೆಂದು ಖ್ಯಾತಳಾದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಸಂಗತಿಯನ್ನು ಅರಿಯದ ಕನ್ನಡಿಗರು ವಿರಳ. ಅಂದಿನ ಕೊರತೆ ಪ್ರತಿಗಳದ್ದಾಗಿತ್ತು. ಮುದ್ರಣ ಯಂತ್ರದ ದೆಸೆಯಿಂದ ಆ ಕೊರತೆ ಇಂದು ಬಹುಮಟ್ಟಿಗೆ ನೀಗಿದೆ. ಆದರೆ ಅದರ ಸ್ಥಾನದಲ್ಲಿ ಮತ್ತೊಂದು ಕೊರತೆ ತಲೆದೋರಿದೆ. ದಾನಿಯು ಕೊಟ್ಟ ಪುಸ್ತಕವನ್ನು ಗ್ರಂಥಪಾಲಕನು ದಾಖಲೆಗೆ ತೆಗೆದುಕೊಳ್ಳುತ್ತಾನೆ. ವಿದ್ಯಾರ್ಥಿಯು ಆಸೆಯಿಂದ ಒಯ್ದು ನಾಲ್ಕು ಪುಟ ತಿರುವಿ ಹಾಕಿ ಹಿಂದಿರುಗಿಸುತ್ತಾನೆ. ಪುಸ್ತಕವು ಕಪಾಟಿನಲ್ಲಿ ಹೊಸದಾಗಿಯೇ ಉಳಿದು ಹಳದಿಯಾಗುತ್ತದೆ. ದಾನವು ಪೂರ್ಣವಾಗುವುದು ಪುಸ್ತಕವು ಕೈ ಸೇರಿದಾಗಲ್ಲ, ಮನಸ್ಸನ್ನು ಸೇರಿದಾಗ ಎಂಬುದನ್ನು ಯಾರೂ ಒಪ್ಪದೆ ಇರಲಾರರು.

ಹೀಗಾಗಲು ಮುಖ್ಯ ಕಾರಣಗಳು ಎರಡು. ಪುಸ್ತಕವು ಮಗುವಿಗೆ ಕಠಿನವಾಗಿರಬಹುದು. ಇಲ್ಲವೆ ಅದನ್ನು ಓದಿ ಮುಗಿಸುವಷ್ಟು ಕಾಲವು ಮಗುವಿಗೆ ದೊರೆಯದಿರಬಹುದು. ಈ ಎರಡನ್ನೂ ಅಂದಾಜಿನಿಂದ ನಿರ್ಣಯಿಸುವುದೇ ರೂಢಿ. ಹೊದಿಕೆಯ ಮೇಲೆ ಅಚ್ಚಾದ ‘ಹನ್ನೆರಡು ವರ್ಷ ಮೇಲ್ಪಟ್ಟವರಿಗೆ’ ಎಂಬಂತಹ ಒಂದು ಸಾಲು ಸಾಮಾನ್ಯವಾಗಿ ಆಧಾರವಾಗುತ್ತದೆ. ಆದರೆ ಕಾಠಿನ್ಯವನ್ನೂ ಕಾಲವನ್ನೂ ಅಳೆಯುವ ಪ್ರಯತ್ನಗಳು ಒಂದು ಶತಮಾನದಿಂದ ನಡೆದುಬಂದಿವೆ. ಅವುಗಳ ಶಕ್ತಿಯೇನು, ಮಿತಿಯೇನು ಎಂಬುದನ್ನು ಪ್ರಸಿದ್ಧವಾದ ಒಂದು ಬಾಲಸಾಹಸ ಕಾದಂಬರಿಯನ್ನು ನಿದರ್ಶನವಾಗಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆ ಕಾದಂಬರಿ ರಾಬರ್ಟ್ ಲೂಯಿ ಸ್ಟೀವನ್‌ಸನ್‌ನ ‘ಟ್ರೆಷರ್ ಐಲೆಂಡ್’.

ಕೃತಿಯ ಹುಟ್ಟು

ಸ್ಟೀವನ್‌ಸನ್ 1850ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದಲ್ಲಿ ಜನಿಸಿದನು. 1881ರ ಬೇಸಗೆಯಲ್ಲಿ ಅವನು ಬ್ರೇಮಾರ್ ಎಂಬ ಊರಿನಲ್ಲಿ ಕುಟುಂಬದೊಡನೆ ತಂಗಿದ್ದನು. ಹೊರಗೆ ಬಿಡದೆ ಮಳೆ ಸುರಿಯುತ್ತಿದ್ದ ಆ ದಿನಗಳಲ್ಲಿ, ಅವನ ಪತ್ನಿಯ ಮಗನಾದ ಹದಿಮೂರರ ಬಾಲಕ ಲಾಯ್ಡ್ ಆಸ್‌ಬರ್ನ್‌ನ ಬಣ್ಣದ ಪೆಟ್ಟಿಗೆಯಿಂದ ಒಂದು ಕಾಲ್ಪನಿಕ ದ್ವೀಪದ ನಕ್ಷೆ ಮೂಡಿತು. ನಕ್ಷೆಯಿಂದ ಕಥೆ ಹುಟ್ಟಿತು. 1894ರಲ್ಲಿ ಪ್ರಕಟವಾದ ಒಂದು ಲೇಖನದಲ್ಲಿ ಸ್ಟೀವನ್‌ಸನ್ ಇದನ್ನೆಲ್ಲ ಸ್ವತಃ ವಿವರಿಸಿದ್ದಾನೆ. ದಿನಕ್ಕೊಂದು ಅಧ್ಯಾಯದಂತೆ ಬರೆಯುತ್ತ, ಬರೆದುದನ್ನು ಮನೆಯವರಿಗೆ ಓದಿ ಹೇಳುತ್ತ ಹದಿನೈದು ಅಧ್ಯಾಯಗಳು ಸಾಗಿದವು. ಕೇಳುವವರಲ್ಲಿ ಲಾಯ್ಡ್ ಮಾತ್ರವಲ್ಲದೆ, ದೀಪಸ್ತಂಭಗಳ ಎಂಜಿನಿಯರನಾಗಿದ್ದ ಲೇಖಕನ ವೃದ್ಧ ತಂದೆಯೂ ಇದ್ದನು. ಕಥೆಯಲ್ಲಿ ಬರುವ ಮುದಿ ನಾವಿಕನ ಪೆಟ್ಟಿಗೆಯೊಳಗೆ ಏನೇನಿರಬೇಕೆಂಬ ಪಟ್ಟಿಯನ್ನು ಸಿದ್ಧಪಡಿಸಿಕೊಟ್ಟವನು ಆ ತಂದೆಯೇ. ನಡುವೆ ನಿಂತುಹೋದ ಬರವಣಿಗೆ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಮತ್ತೆ ದಿನಕ್ಕೊಂದು ಅಧ್ಯಾಯದ ಗತಿಯಲ್ಲಿ ಮುಂದುವರಿದು ಮುಕ್ತಾಯವಾಯಿತು. 1881ರ ಅಕ್ಟೋಬರಿನಿಂದ 1882ರ ಜನವರಿಯವರೆಗೆ ‘ಯಂಗ್ ಫೋಕ್ಸ್’ ಎಂಬ ಮಕ್ಕಳ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕೃತಿ 1883ರಲ್ಲಿ ಪುಸ್ತಕರೂಪ ತಾಳಿತು.

ಹೋಟೆಲು ನಡೆಸುವವನ ಮಗನಾದ ಜಿಮ್ ಹಾಕಿನ್ಸ್ ಎಂಬ ಬಾಲಕನಿಗೆ ಕಡಲುಗಳ್ಳರ ನಿಧಿಯ ನಕ್ಷೆ ದೊರೆಯುವುದು, ಊರಿನ ಜಮೀನುದಾರ ಮತ್ತು ವೈದ್ಯರೊಡನೆ ಅವನು ಹಡಗನ್ನೇರುವುದು, ಒಂಟಿಕಾಲಿನ ಅಡುಗೆಯವ ಲಾಂಗ್ ಜಾನ್ ಸಿಲ್ವರ್‌ನ ಮುಂದಾಳುತನದಲ್ಲಿ ನಾವಿಕರು ದಂಗೆಯ ಸಂಚು ಹೂಡುವುದು, ದ್ವೀಪದ ಕಾಳಗ, ಕೊನೆಗೆ ನಿಧಿಯ ಪ್ರಾಪ್ತಿ – ಇವಿಷ್ಟು ಕಥೆಯ ಎಲುಬು. ಕೃತಿಯಲ್ಲಿ ಆರು ಭಾಗಗಳೂ 34 ಅಧ್ಯಾಯಗಳೂ ಇವೆ.

ಬರೆಯುವಾಗಲೇ ಒಬ್ಬ ಬಾಲಕನ ಕಿವಿಯ ಮೇಲೆ ಪರೀಕ್ಷಿತವಾದ ಕೃತಿಯಿದು. ಕಥೆಯು ದಿನಕ್ಕೊಂದು ಅಧ್ಯಾಯದಂತೆ ಹುಟ್ಟಿತು, ದಿನಕ್ಕೊಂದು ಅಧ್ಯಾಯದಂತೆ ಕೇಳಲ್ಪಟ್ಟಿತು. ಈ ಸಂಗತಿ ಮುಂದಿನ ಚರ್ಚೆಗೆ ಬಹಳ ಉಪಯುಕ್ತವಾದುದು.

ಕಾಲದ ಲೆಕ್ಕ

ಇಂಗ್ಲಿಷ್ ಮೂಲದಲ್ಲಿ ಈ ಕಾದಂಬರಿಯ ಪದಸಂಖ್ಯೆ ಸುಮಾರು 67,000. ಎಂದರೆ ಒಂದೊಂದು ಅಧ್ಯಾಯಕ್ಕೆ ಸರಾಸರಿ ಎರಡು ಸಾವಿರ ಪದಗಳು. ಪದಸಂಖ್ಯೆಯನ್ನು ಓದುಗನ ನಿಮಿಷದ ವೇಗದಿಂದ ಭಾಗಿಸಿದರೆ ಕಾಲವು ದೊರೆಯುತ್ತದೆ. ಆದ್ದರಿಂದ ಪ್ರಶ್ನೆಯೆಲ್ಲ ವೇಗವನ್ನು ಕುರಿತದ್ದು.

ಓದುವಾಗ ಕಣ್ಣು ಸಾಲಿನ ಮೇಲೆ ನೀರು ಹರಿದಂತೆ ಹರಿಯುವುದಿಲ್ಲ. ಕಪ್ಪೆಯಂತೆ ಕುಪ್ಪಳಿಸಿ ಕುಪ್ಪಳಿಸಿ ನಿಲ್ಲುತ್ತದೆ. ನಿಂತಾಗ ಮಾತ್ರ ಅಕ್ಷರವನ್ನು ಗ್ರಹಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಪ್ಯಾರಿಸ್ಸಿನ ನೇತ್ರವೈದ್ಯ ಎಮೀಲ್ ಜಾವಾಲ್‌ನ ಕಾಲದಿಂದ ಈ ವಿಷಯ ಗಮನಕ್ಕೆ ಬಂದಿದೆ. ಪಳಗಿದ ಓದುಗನಲ್ಲಿ ಒಂದು ನಿಲುಗಡೆ ಸಾಮಾನ್ಯವಾಗಿ ಸೆಕೆಂಡಿನ ಕಾಲು ಭಾಗದಷ್ಟು ಇರುತ್ತದೆ. ಹೊಸ ಓದುಗನ ಕಣ್ಣು ಹೆಚ್ಚು ಕಡೆ, ಹೆಚ್ಚು ಹೊತ್ತು ನಿಲ್ಲುತ್ತದೆ. ಮತ್ತೆ ಮತ್ತೆ ಹಿಂದಕ್ಕೂ ಹೋಗುತ್ತದೆ. ಅವನ ನಿಧಾನಕ್ಕೆ ಆಲಸ್ಯವು ಕಾರಣವಲ್ಲ. ಅವನು ಪ್ರತಿಯೊಂದು ಪದವನ್ನೂ ದುಡಿದು ಗಳಿಸುತ್ತಿರುತ್ತಾನೆ.

ಬೆಲ್ಜಿಯಂ ದೇಶದ ಮನಶ್ಶಾಸ್ತ್ರಜ್ಞ ಮಾರ್ಕ್ ಬ್ರಿಸ್‌ಬಾರ್ಟ್ ಅವರು 190 ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ವಯಸ್ಕನಾದ ಇಂಗ್ಲಿಷ್ ಓದುಗನು ಕಥಾಸಾಹಿತ್ಯವನ್ನು ಮೌನವಾಗಿ ಓದುವ ಸರಾಸರಿ ವೇಗ ನಿಮಿಷಕ್ಕೆ 260 ಪದಗಳು. ಗಟ್ಟಿಯಾಗಿ ಓದುವ ವೇಗ 183 ಪದಗಳು. ಅಮೆರಿಕದ ಮಕ್ಕಳನ್ನು ಕುರಿತು ಹ್ಯಾಸ್‌ಬ್ರೂಕ್ ಮತ್ತು ಟಿಂಡಲ್ ಅವರು 2017ರಲ್ಲಿ ಹೊರತಂದ ಪಟ್ಟಿಯಂತೆ, ಮೂರನೆಯ ತರಗತಿಯ ಕೊನೆಯಲ್ಲಿ ನಡುಮಟ್ಟದ ವಿದ್ಯಾರ್ಥಿಯು ನಿಮಿಷಕ್ಕೆ 112 ಪದಗಳನ್ನೂ, ಐದನೆಯ ತರಗತಿಯ ಕೊನೆಯಲ್ಲಿ 146 ಪದಗಳನ್ನೂ ತಪ್ಪಿಲ್ಲದೆ ಗಟ್ಟಿಯಾಗಿ ಓದುತ್ತಾನೆ. ಇವರೆಲ್ಲ ಇಂಗ್ಲಿಷ್ ಮಾತಾಗಿರುವ ನಾಡಿನಲ್ಲಿ ಶಾಲೆಗೆ ಹೋಗುವ ಮಕ್ಕಳೆಂಬುದನ್ನು ಮರೆಯಬಾರದು.

ಈ ವೇಗಗಳಿಗೆ ‘ಟ್ರೆಷರ್ ಐಲೆಂಡ್’ನ ಕಾಲವನ್ನು ಹೊಂದಿಸಿ ನೋಡಬಹುದು. ನಿಮಿಷಕ್ಕೆ 260 ಪದಗಳಂತೆ ಓದುವ ವಯಸ್ಕನು 4 ಗಂಟೆ 18 ನಿಮಿಷಗಳಲ್ಲಿ ಕೃತಿಯನ್ನು ಮುಗಿಸುತ್ತಾನೆ. 146ರ ವೇಗದವನಿಗೆ 7 ಗಂಟೆ 39 ನಿಮಿಷಗಳು ಬೇಕು. ಇಂಗ್ಲಿಷನ್ನು ಶಾಲೆಯಲ್ಲಿ ಮಾತ್ರ ಕಲಿತ ವಿದ್ಯಾರ್ಥಿಯು ನಿಮಿಷಕ್ಕೆ 100 ಪದಗಳನ್ನು ಓದಬಲ್ಲನೆಂದು ಭಾವಿಸಿದರೆ 11 ಗಂಟೆ 10 ನಿಮಿಷಗಳೂ, 60 ಪದಗಳೆಂದರೆ ಹದಿನೆಂಟೂವರೆ ಗಂಟೆಗಳಿಗಿಂತ ತುಸು ಹೆಚ್ಚೂ ಬೇಕಾಗುತ್ತವೆ. ಒಂದೇ ಪುಸ್ತಕ, ಒಂದೇ ಕಥೆ. ಆದರೆ ಒಬ್ಬನಿಗೆ ಒಂದು ಸಂಜೆಯ ಕೆಲಸವಾದುದು ಇನ್ನೊಬ್ಬನಿಗೆ ಹಲವು ವಾರಗಳ ದುಡಿಮೆ.

ಈ ವ್ಯತ್ಯಾಸವು ಶಾಲೆಯ ನಿಯಮಗಳೊಡನೆ ಸೇರಿದಾಗ ಏನಾಗುತ್ತದೆಂಬುದನ್ನು ಅಧ್ಯಾಪಕರು ಯೋಚಿಸಬೇಕು. ಪುಸ್ತಕವನ್ನು ಹದಿನೈದು ದಿನಗಳಲ್ಲಿ ಹಿಂದಿರುಗಿಸಬೇಕೆಂಬ ನಿಯಮವಿದ್ದರೆ, ವೇಗದ ಓದುಗನಿಗೆ ದಿನವೂ 17 ನಿಮಿಷಗಳ ಓದು ಸಾಕು. ನಿಮಿಷಕ್ಕೆ 100 ಪದಗಳವನಿಗೆ ದಿನವೂ 45 ನಿಮಿಷಗಳು, 60 ಪದಗಳವನಿಗೆ ಒಂದೂಕಾಲು ಗಂಟೆ ಬೇಕು. ಶಾಲೆಯ ಅಭ್ಯಾಸ ಮುಗಿಸಿ, ಮನೆಯ ಅಥವಾ ಹೊಲದ ಕೆಲಸಕ್ಕೂ ಕೈಜೋಡಿಸುವ ಮಗುವಿಗೆ ಅಷ್ಟು ಹೊತ್ತು ಎಲ್ಲಿಂದ ಬರಬೇಕು? ನಿಯಮವು ಎಲ್ಲರಿಗೂ ಸಮಾನವಾಗಿದ್ದಂತೆ ಕಾಣುತ್ತದೆ. ಆದರೆ ಓದಿನ ಅಗತ್ಯ ಯಾರಿಗೆ ಅತ್ಯಧಿಕವೋ ಅವನ ಕೈಯಿಂದಲೇ ಅದು ಪುಸ್ತಕವನ್ನು ಅರ್ಧದಲ್ಲಿ ಕಸಿದುಕೊಳ್ಳುತ್ತದೆ. ಹಾಗೆ ಎರಡು ಮೂರು ಪುಸ್ತಕಗಳನ್ನು ಅರ್ಧಕ್ಕೆ ಬಿಟ್ಟ ಬಾಲಕನು, ದೋಷವು ನಿಯಮದ್ದೆಂದು ತಿಳಿಯದೆ ತನ್ನದೆಂದೇ ನಂಬಿಬಿಡುತ್ತಾನೆ.

ಕಾಠಿನ್ಯದ ಸೂತ್ರಗಳು

ಕಾಲವನ್ನು ಎಣಿಸಿದಷ್ಟು ಸುಲಭವಾಗಿ ಕಾಠಿನ್ಯವನ್ನು ಎಣಿಸಲಾಗದು. ಆದರೂ ಯತ್ನಗಳು ನಡೆದಿವೆ. ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ 1921ರಲ್ಲಿ, ಬಳಕೆಯ ಪ್ರಮಾಣವನ್ನು ಎಣಿಸಿ, ಹತ್ತು ಸಾವಿರ ಇಂಗ್ಲಿಷ್ ಪದಗಳ ಪಟ್ಟಿಯೊಂದನ್ನು ಅಧ್ಯಾಪಕರಿಗಾಗಿ ಪ್ರಕಟಿಸಿದನು. ವಿರಳವಾದ ಪದವು ಕಠಿನವಾದ ಪದ ಎಂಬ ತತ್ತ್ವ ಅದರಿಂದ ಪ್ರಚಾರಕ್ಕೆ ಬಂದಿತು. 1923ರಲ್ಲಿ ಲೈವ್ಲಿ ಮತ್ತು ಪ್ರೆಸ್ಸಿ ಎಂಬಿಬ್ಬರು ಆ ಪಟ್ಟಿಯ ಆಧಾರದಿಂದ ಪಠ್ಯಪುಸ್ತಕಗಳ ಪದಭಾರವನ್ನು ಅಳೆದರು. 1948ರಲ್ಲಿ ಎಡ್ಗರ್ ಡೇಲ್ ಮತ್ತು ಜೀನ್ ಚಾಲ್ ಅವರು ಮಕ್ಕಳಿಗೆ ಪರಿಚಿತವಾದ ಸುಮಾರು ಮೂರು ಸಾವಿರ ಪದಗಳ ಪಟ್ಟಿಯನ್ನು ಬಳಸಿ ಒಂದು ಸೂತ್ರವನ್ನು ರೂಪಿಸಿದರು. ಅದೇ ವರ್ಷ ರುಡಾಲ್ಫ್ ಫ್ಲೆಶ್ ಎಂಬ ವಿದ್ವಾಂಸನು ಪ್ರಕಟಿಸಿದ ಸೂತ್ರ ಎಲ್ಲಕ್ಕಿಂತ ಹೆಚ್ಚು ಪ್ರಸಿದ್ಧಿ ಪಡೆಯಿತು. ಅದನ್ನು ಮಾರ್ಪಡಿಸಿ 1975ರಲ್ಲಿ ಅಮೆರಿಕದ ನೌಕಾಪಡೆಯು ತನ್ನ ಕೈಪಿಡಿಗಳ ಪರೀಕ್ಷೆಗೆ ಉಪಯೋಗಿಸಿತು. ಇಂದು ಗಣಕಯಂತ್ರಗಳಲ್ಲಿಯೂ ಅದು ಅಡಕವಾಗಿದೆ.

ಫ್ಲೆಶ್‌ನ ಸೂತ್ರವು ಎರಡೇ ಸಂಗತಿಗಳನ್ನು ಕೇಳುತ್ತದೆ: ವಾಕ್ಯವೊಂದರಲ್ಲಿ ಸರಾಸರಿ ಎಷ್ಟು ಪದಗಳಿವೆ? ಪದವೊಂದರಲ್ಲಿ ಸರಾಸರಿ ಎಷ್ಟು ಉಚ್ಚಾರಾಂಶಗಳಿವೆ? ಮೊದಲನೆಯದನ್ನು 1.015ರಿಂದಲೂ ಎರಡನೆಯದನ್ನು 84.6ರಿಂದಲೂ ಗುಣಿಸಿ, ಎರಡು ಗುಣಲಬ್ಧಗಳನ್ನೂ 206.835ರಿಂದ ಕಳೆಯಬೇಕು. ಉಳಿದ ಅಂಕವು 90ರಿಂದ 100ರ ನಡುವೆ ಬಂದರೆ ಬರಹವು ಅತಿ ಸುಲಭ. 60ರಿಂದ 70ರ ನಡುವೆ ಬಂದರೆ ಸಾಮಾನ್ಯ. 30ಕ್ಕಿಂತ ಕಡಿಮೆಯಾದರೆ ಅತಿ ಕಠಿನ.

ಈಗ ‘ಟ್ರೆಷರ್ ಐಲೆಂಡ್’ನ ಮೊಟ್ಟಮೊದಲ ವಾಕ್ಯವನ್ನು ಈ ತಕ್ಕಡಿಯಲ್ಲಿಡೋಣ. ಕಥೆಯನ್ನು ಬರೆಯಲು ಜಿಮ್ ಏಕೆ ಲೇಖನಿ ಹಿಡಿದನೆಂಬುದನ್ನು ತಿಳಿಸುವ ಆ ವಾಕ್ಯದಲ್ಲಿ ಸುಮಾರು 90 ಪದಗಳಿವೆ. ಉಚ್ಚಾರಾಂಶಗಳು ಸುಮಾರು 123. ಎಂದರೆ ಪದಗಳು ಬಹುಮಟ್ಟಿಗೆ ಚಿಕ್ಕವು, ದಿನಬಳಕೆಯವು. ಆದರೆ ವಾಕ್ಯದ ಉದ್ದದಿಂದಾಗಿ ಸೂತ್ರವು ಕೊಡುವ ಅಂಕ ಹೆಚ್ಚುಕಡಿಮೆ ಸೊನ್ನೆ! ಕಾನೂನಿನ ಕರಾರುಪತ್ರಕ್ಕೆ ಸಲ್ಲತಕ್ಕ ಅಂಕವಿದು. ಅದೇ ಪದಗಳನ್ನು ಉಳಿಸಿಕೊಂಡು, ಹದಿನೈದು ಪದಗಳಿಗೊಂದರಂತೆ ಪೂರ್ಣವಿರಾಮವಿಟ್ಟು ಆರು ವಾಕ್ಯಗಳನ್ನಾಗಿ ಎಣಿಸಿದರೆ ಅಂಕವು 76ಕ್ಕೆ ಏರುತ್ತದೆ. ‘ಸಾಕಷ್ಟು ಸುಲಭ’ವೆಂಬ ವರ್ಗಕ್ಕೆ ಸೇರುತ್ತದೆ. ಪದಗಳೂ ಅವೇ, ವಿಷಯವೂ ಅದೇ. ಐದು ಚುಕ್ಕೆಗಳು ಹೆಚ್ಚಾದುದರಿಂದ ಬರಹವು ಪಂಡಿತರಿಂದ ಬಾಲಕರಿಗೆ ಇಳಿದುಬಂದಿತು.

ಇದರಿಂದ ಸೂತ್ರವು ನಿರುಪಯುಕ್ತವೆಂದು ತೀರ್ಮಾನಿಸಬೇಕಾಗಿಲ್ಲ. ಉದ್ದವಾದ ವಾಕ್ಯವು ಎಳೆಯ ಓದುಗನ ಸ್ಮರಣೆಗೆ ಭಾರವೆಂಬುದು ನಿಜ. ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಅವನು ಮೊದಲನ್ನು ಮರೆತಿರುತ್ತಾನೆ. ಈ ಕಾದಂಬರಿಯನ್ನು ತೆರೆದ ಅನೇಕ ಮಕ್ಕಳು ಮೊದಲ ಪುಟದಲ್ಲಿಯೇ ಎಡವುವ ಸಂಭವವಿದೆಯೆಂದು ಸೂತ್ರವು ಸರಿಯಾಗಿಯೇ ಎಚ್ಚರಿಸುತ್ತದೆ. ಮುಂದೆ ಸಂಭಾಷಣೆಗಳು ಬಂದಂತೆ ವಾಕ್ಯಗಳು ಮೊಟಕಾಗುತ್ತವೆ, ಓದು ಹಗುರವಾಗುತ್ತದೆ. ಮೊದಲ ಪುಟವನ್ನು ಅಧ್ಯಾಪಕರೇ ಓದಿ ಹೇಳಿ ದಾಟಿಸಿದರೆ ಮುಂದಿನ ದಾರಿ ಸುಗಮ. ಸೂತ್ರವನ್ನು ಹೀಗೆ, ಎಲ್ಲಿ ಕೈಹಿಡಿಯಬೇಕೆಂಬುದನ್ನು ತಿಳಿಯಲು ಬಳಸುವುದು ವಿವೇಕ. ಯಾರಿಗೆ ಪುಸ್ತಕವನ್ನು ಕೊಡಬಾರದೆಂಬುದನ್ನು ನಿರ್ಣಯಿಸಲು ಬಳಸುವುದು ಅವಿವೇಕ.

ಸೂತ್ರಕ್ಕೆ ಕಾಣದ ಕಾಠಿನ್ಯ

ಸೂತ್ರದ ಕಣ್ಣಿಗೆ ಚಿಕ್ಕ ಪದವೆಲ್ಲ ಸುಲಭ, ದೊಡ್ಡ ಪದವೆಲ್ಲ ಕಠಿನ. ಈ ಕಾದಂಬರಿಯಲ್ಲಿ ‘ಜಿಬ್’ ಎಂಬ ಪದ ಬರುತ್ತದೆ. ಹಡಗಿನ ಮುಂತುದಿಯಲ್ಲಿ ಕಟ್ಟುವ ತ್ರಿಕೋನಾಕಾರದ ಹಾಯಿ ಎಂದು ಅದರ ಅರ್ಥ. ‘ಲೀ’ ಎಂಬ ಪದ ಬರುತ್ತದೆ; ಗಾಳಿಗೆ ಮರೆಯಾದ ಪಾರ್ಶ್ವ ಎಂದು ಅರ್ಥ. ಎರಡೂ ಏಕ ಉಚ್ಚಾರಾಂಶದ ಪದಗಳು. ಸೂತ್ರವು ಇವುಗಳಿಗೆ ತಲೆದೂಗುತ್ತದೆ. ಆದರೆ ಕಡಲನ್ನೇ ಕಾಣದ ಬಯಲುಸೀಮೆಯ ಬಾಲಕನು ಇಲ್ಲಿ ನಿಂತುಬಿಡುತ್ತಾನೆ. ಕಥೆಯ ಸಂಕಟಗಳು ಹಲವೆಡೆ ಸಮುದ್ರದ ಉಬ್ಬರವಿಳಿತವನ್ನು ಅವಲಂಬಿಸಿವೆ. ಇಳಿತದ ಸೆಳೆತವನ್ನು ಕಾರವಾರ, ಹೊನ್ನಾವರ, ಮಲ್ಪೆಗಳ ಮಗು ಮನೆಯ ಬಾಗಿಲಲ್ಲಿಯೇ ಕಂಡಿರುತ್ತದೆ; ವಿಜಯಪುರ, ರಾಯಚೂರುಗಳ ಮಗುವಿಗೆ ಅದನ್ನು ವಿವರಿಸಿ ಹೇಳಬೇಕು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಅದೇ ಪುಸ್ತಕದಲ್ಲಿದೆ. ದ್ವೀಪದಲ್ಲಿ ಒಂಟಿಯಾಗಿ ಉಳಿದಿದ್ದ ಬೆನ್ ಗನ್ ಎಂಬುವನು ಮರದ ಚೌಕಟ್ಟಿಗೆ ಮೇಕೆಯ ತೊಗಲನ್ನು ಹೊದಿಸಿ ಮಾಡಿದ ಪುಟ್ಟ ದೋಣಿಯಲ್ಲಿ ಜಿಮ್ ರಾತ್ರಿಯ ಹೊತ್ತು ಹಡಗಿನತ್ತ ಸಾಗುತ್ತಾನೆ. ಅಂತಹ ದೋಣಿಗೆ ಇಂಗ್ಲಿಷಿನಲ್ಲಿ ‘ಕಾರಕಲ್’ ಎಂಬ ಮೂರು ಉಚ್ಚಾರಾಂಶದ ವಿರಳ ಪದವಿದೆ. ಸೂತ್ರದ ದೃಷ್ಟಿಯಲ್ಲಿ ಅದು ಕಠಿನ. ಆದರೆ ತುಂಗಭದ್ರೆಯ ದಂಡೆಯ ಮಗುವಿಗೆ ‘ಅದು ಹರಿಗೋಲಿನ ಜಾತಿಯ ದೋಣಿ’ ಎಂದು ಹೇಳಿದರೆ ಸಾಕು. ಹುಟ್ಟು ಹಾಕಲು ಅರಿಯದವನು ಅದರಲ್ಲಿ ಕುಳಿತರೆ ಅದು ಹೇಗೆ ಗಿರ್ರನೆ ತಿರುಗುವುದೆಂಬುದು ಆ ಮಗುವಿಗೆ ಲಂಡನ್ ನಗರದ ಮಗುವಿಗಿಂತ ಚೆನ್ನಾಗಿ ಗೊತ್ತು. ಪದದ ಕಾಠಿನ್ಯವು ಪದದಲ್ಲಿಲ್ಲ. ಪದಕ್ಕೂ ಓದುಗನ ಅನುಭವಕ್ಕೂ ನಡುವಿನ ದೂರದಲ್ಲಿದೆ.

ಈ ಮಾತಿಗೆ ಪ್ರಯೋಗದ ಬೆಂಬಲವೂ ಇದೆ. 1988ರಲ್ಲಿ ಅಮೆರಿಕದ ರೆಕ್ಟ್ ಮತ್ತು ಲೆಸ್ಲಿ ಎಂಬಿಬ್ಬರು ಏಳು, ಎಂಟನೆಯ ತರಗತಿಗಳ 64 ವಿದ್ಯಾರ್ಥಿಗಳಿಗೆ ಬೇಸ್‌ಬಾಲ್ ಆಟದ ವರ್ಣನೆಯೊಂದನ್ನು ಓದಲು ಕೊಟ್ಟರು. ಓದಿನಲ್ಲಿ ಹಿಂದುಳಿದಿದ್ದರೂ ಆಟವನ್ನು ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದೂ ಆಟವನ್ನರಿಯದ ಮಕ್ಕಳಿಗಿಂತ ಉತ್ತಮವಾಗಿ ಗ್ರಹಿಸಿದ್ದರು. ‘ದಡ್ಡ’ನೆಂಬ ಹಣೆಪಟ್ಟಿಯನ್ನು ಹೊತ್ತ ಎಷ್ಟೋ ಮಕ್ಕಳಿಗೆ ಕೊರತೆಯಾಗಿರುವುದು ಬುದ್ಧಿಯಲ್ಲ, ಆ ವಿಷಯದ ಪೂರ್ವಪರಿಚಯ.

ಅಪರಿಚಿತ ಪದಗಳು ಎಷ್ಟರಮಟ್ಟಿಗೆ ಇರಬಹುದು? ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುವವರನ್ನು ಕುರಿತು ಹೂ ಮತ್ತು ನೇಷನ್ ಎಂಬ ವಿದ್ವಾಂಸರು 2000ದಲ್ಲಿ ನಡೆಸಿದ ಅಧ್ಯಯನವು, ಕಥೆಯನ್ನು ಅನ್ಯರ ನೆರವಿಲ್ಲದೆ ಆನಂದಿಸಬೇಕಾದರೆ ನೂರಕ್ಕೆ 98 ಪದಗಳು ತಿಳಿದಿರಬೇಕೆಂದು ಸೂಚಿಸಿತು. ಅಂತಹ ಸಿದ್ಧತೆಯುಳ್ಳವನಿಗೂ 67,000 ಪದಗಳ ಈ ಕೃತಿಯಲ್ಲಿ 1,340 ಬಾರಿ ಅಪರಿಚಿತ ಪದ ಎದುರಾಗುತ್ತದೆ. ಒಂದೊಂದಕ್ಕೂ ನಿಘಂಟನ್ನು ತೆರೆದು ಅರ್ಧ ನಿಮಿಷ ವ್ಯಯಿಸಿದರೆ ಅದೇ 11 ಗಂಟೆ 10 ನಿಮಿಷಗಳಾಗುತ್ತದೆ. ನಿಮಿಷಕ್ಕೆ ನೂರು ಪದಗಳ ಓದುಗನಿಗೆ ಪುಸ್ತಕದ ಕಾಲವು ಇಮ್ಮಡಿಯಾಗುತ್ತದೆ, ಕಥೆಯ ರಸವು ಆರಿಹೋಗುತ್ತದೆ. ಕಥೆಯನ್ನು ಓದುವಾಗ ಪ್ರತಿ ಪದಕ್ಕೂ ನಿಘಂಟು ನೋಡಬೇಕೆಂಬ ಉಪದೇಶವನ್ನು ಸಡಿಲಿಸುವುದು ಲೇಸು. ಗೊತ್ತಿಲ್ಲದ ಪದವನ್ನು ದಾಟಿ ಮುಂದಕ್ಕೆ ಸಾಗುವುದೂ ಓದಿನ ಒಂದು ಕಲೆಯೇ.

ಇನ್ನೂ ಎರಡು ಬಗೆಯ ಕಾಠಿನ್ಯಗಳನ್ನು ಯಾವ ಸೂತ್ರವೂ ಕಾಣದು. ಹದಿನೈದು ಅಧ್ಯಾಯಗಳವರೆಗೆ ಜಿಮ್ ಹೇಳುತ್ತಿದ್ದ ಕಥೆಯನ್ನು 16, 17, 18ನೆಯ ಅಧ್ಯಾಯಗಳಲ್ಲಿ ವೈದ್ಯನು ಹೇಳುತ್ತಾನೆ. ಹೇಳುವವನು ಬದಲಾದುದನ್ನು ಗಮನಿಸದ ಮಗುವಿಗೆ ಎಲ್ಲವೂ ಗೋಜಲು. ಅದಕ್ಕಿಂತ ಆಳವಾದುದು ಲಾಂಗ್ ಜಾನ್ ಸಿಲ್ವರ್‌ನ ಪಾತ್ರ. ಅವನು ಜಿಮ್‌ನನ್ನು ಮಗನಂತೆ ಆದರಿಸುತ್ತಾನೆ. ಸೇಬಿನ ಪೀಪಾಯಿಯೊಳಗೆ ಅಡಗಿ ಕುಳಿತ ಅದೇ ಜಿಮ್‌ನ ಕಿವಿಗೆ ಅವನ ಕೊಲೆಯ ಸಂಚು ಬೀಳುತ್ತದೆ. ಅವನು ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆಗೆ ಕಥೆಯು ಕೊನೆಯವರೆಗೂ ನೇರವಾದ ಉತ್ತರ ಕೊಡುವುದಿಲ್ಲ. ಸವಿಮಾತಿನ ಹಿಂದೆ ಇರಬಹುದಾದ ವಂಚನೆಯನ್ನು ಮಗುವಿಗೆ ಪರಿಚಯಿಸುವ ಈ ಕಾಠಿನ್ಯವನ್ನು ತೆಗೆದುಹಾಕಬಾರದು. ಸಂಕ್ಷಿಪ್ತ ಆವೃತ್ತಿಗಳು ಮೊದಲು ಕಳೆದುಕೊಳ್ಳುವುದು ಇದನ್ನೇ. ಹತ್ತು ಸಾವಿರ ಪದಗಳ ಸಂಕ್ಷೇಪವು ನೂರು ನಿಮಿಷಗಳಲ್ಲಿ ಮುಗಿಯುತ್ತದೆ. ಅದು ಬಾಗಿಲು ತೆರೆಯುವುದಕ್ಕೆ ಒಳ್ಳೆಯದು, ಮನೆಯೆಂದು ಭಾವಿಸುವುದಕ್ಕಲ್ಲ.

ಕನ್ನಡಕ್ಕೆ ಅನ್ವಯ

ಮೇಲಿನ ಸೂತ್ರಗಳನ್ನು ಕನ್ನಡಕ್ಕೆ ಹಾಗೆಯೇ ಹೊಂದಿಸುವುದು ಸಲ್ಲದು. ಕನ್ನಡದಲ್ಲಿ ಪ್ರತ್ಯಯಗಳು ಪದಕ್ಕೆ ಅಂಟಿಕೊಂಡು ಬರುತ್ತವೆ. ‘ಬರಲಾಗದಿದ್ದುದರಿಂದ’ ಎಂಬುದು ಒಂದೇ ಪದ. ಇಂಗ್ಲಿಷಿನಲ್ಲಿ ಅದನ್ನು ಹೇಳಲು ಐದಾರು ಪದಗಳು ಬೇಕು. ಫ್ಲೆಶ್‌ನ ಸೂತ್ರವು ಇಂತಹ ಪದವನ್ನು ಅತಿ ಕಠಿನವೆಂದು ತಳ್ಳಿಹಾಕುತ್ತದೆ. ಕನ್ನಡದ ಮಗುವಾದರೋ ಅದನ್ನು ದಿನವೂ ಆಡುತ್ತದೆ. ಅದೇ ಕಾರಣದಿಂದ ಕನ್ನಡ ಅನುವಾದದ ಪದಸಂಖ್ಯೆ ಮೂಲಕ್ಕಿಂತ ಕಡಿಮೆಯಿರುತ್ತದೆ, ಪದವೊಂದಕ್ಕೆ ತಗಲುವ ಕಾಲ ಹೆಚ್ಚಿರುತ್ತದೆ. ನಿಮಿಷಕ್ಕೆ ಇಷ್ಟು ಪದವೆಂಬ ಇಂಗ್ಲಿಷಿನ ಅಳತೆಯಿಂದ ಕನ್ನಡದ ಮಗುವನ್ನು ಅಳೆದರೆ ಅನ್ಯಾಯವಾದೀತು.

ಲಿಪಿಯ ವಿಷಯವೂ ಹೀಗೆಯೇ. ಇಂಗ್ಲಿಷಿನ ಮಗು 26 ಅಕ್ಷರಗಳನ್ನು ಬೇಗ ಕಲಿತು ಕಾಗುಣಿತದ ಅವ್ಯವಸ್ಥೆಯೊಡನೆ ವರ್ಷಗಟ್ಟಲೆ ಹೋರಾಡುತ್ತದೆ. ಕನ್ನಡದಲ್ಲಿ ಬರೆದಂತೆ ಓದಬಹುದು. ಆದರೆ ವರ್ಣಮಾಲೆಯ 49 ಅಕ್ಷರಗಳು ಗುಣಿತಾಕ್ಷರ, ಒತ್ತಕ್ಷರಗಳಾಗಿ ನೂರಾರು ರೂಪಗಳನ್ನು ತಾಳುತ್ತವೆ. ಕನ್ನಡ ಕಲಿಯುವ ಮಕ್ಕಳನ್ನು ಕುರಿತು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಈ ರೂಪಗಳೆಲ್ಲ ಕೈವಶವಾಗುವ ಕೆಲಸ ಮೊದಲ ಒಂದೆರಡು ವರ್ಷಗಳಲ್ಲಿ ಮುಗಿಯದೆ ಮುಂದಿನ ತರಗತಿಗಳಿಗೂ ಚಾಚಿಕೊಳ್ಳುತ್ತದೆಂಬುದನ್ನು ತೋರಿಸಿಕೊಟ್ಟಿತು. ನಾಲ್ಕನೆಯ ತರಗತಿಯ ಮಗುವು ಒತ್ತಕ್ಷರದ ಬಳಿ ತಡವರಿಸಿದರೆ ಗಾಬರಿಪಡಬೇಕಾಗಿಲ್ಲ. ಅದು ದಾರಿಯ ನಡುವೆ ಇದೆ ಎಂದಷ್ಟೇ ತಿಳಿಯಬೇಕು.

ಸೂತ್ರವಿಲ್ಲದೆಯೂ ಅಳತೆ ಸಾಧ್ಯ. ಕಾಲವನ್ನರಿಯಲು, ಅದೇ ಪುಸ್ತಕದ ನಡುಭಾಗದಿಂದ ಮೂರು ಪುಟಗಳನ್ನು ಮಗುವಿನಿಂದ ಓದಿಸಿ ನಿಮಿಷಗಳನ್ನು ಗುರುತಿಸಬೇಕು. ಮೂರು ಪುಟಕ್ಕೆ ಒಂಬತ್ತು ನಿಮಿಷಗಳಾದರೆ 200 ಪುಟದ ಪುಸ್ತಕಕ್ಕೆ ಹತ್ತು ಗಂಟೆಗಳು. ಇಲ್ಲಿ ಪದವನ್ನೆಣಿಸುವ ಗೋಜೇ ಇಲ್ಲ. ಕಾಠಿನ್ಯವನ್ನರಿಯಲು, ಒಂದು ಪುಟವನ್ನು ಓದುತ್ತ ಗೊತ್ತಿಲ್ಲದ ಪದ ಬಂದಾಗಲೆಲ್ಲ ಒಂದೊಂದು ಬೆರಳನ್ನು ಮಡಚಲು ಮಗುವಿಗೆ ಹೇಳಬೇಕು. ಐದು ಬೆರಳೂ ಮಡಚಿದರೆ ಆ ಪುಸ್ತಕಕ್ಕೆ ಜೊತೆಗಾರನು ಬೇಕೆಂದು ಅರ್ಥ. ಇನ್ನೂ ಸೂಕ್ಷ್ಮವಾದ ಪರೀಕ್ಷೆಯೊಂದನ್ನು ವಿಲ್ಸನ್ ಟೇಲರ್ 1953ರಲ್ಲಿ ಸೂಚಿಸಿದನು. ಪಠ್ಯದ ಐದೈದನೆಯ ಪದವನ್ನು ಅಳಿಸಿ, ಬಿಟ್ಟ ಸ್ಥಳಗಳನ್ನು ಮಗುವಿನಿಂದ ತುಂಬಿಸಬೇಕು. ಎಷ್ಟು ಸ್ಥಳಗಳನ್ನು ಮಗು ಸರಿಯಾಗಿ ತುಂಬಿತೆಂಬುದು ಆ ಬರಹವು ಆ ಮಗುವಿಗೆ ಎಷ್ಟು ದಕ್ಕಿತೆಂಬುದರ ಗುರುತು. ಸೂತ್ರವು ಪುಸ್ತಕವನ್ನು ಮಾತ್ರ ಅಳೆಯುತ್ತದೆ; ಈ ಪರೀಕ್ಷೆಗಳು ಪುಸ್ತಕ ಮತ್ತು ಮಗುವಿನ ಸಂಬಂಧವನ್ನು ಅಳೆಯುತ್ತವೆ.

ಪುರಾಣದ ಪಾಠ

ಕಠಿನವಾದ ಗ್ರಂಥವನ್ನು ಓದಲು ಬಾರದ ಜನರಿಗೂ ಮುಟ್ಟಿಸುವ ಉಪಾಯವನ್ನು ಅರಸುತ್ತ ದೂರ ಹೋಗಬೇಕಾಗಿಲ್ಲ. ಶ್ರಾವಣ ಮಾಸದಲ್ಲಿ ಮಠಗಳಲ್ಲಿ ಪುರಾಣ ಹಚ್ಚುವ ಸಂಪ್ರದಾಯವಿದೆ. ಭೀಮಕವಿಯು 1369ರಲ್ಲಿ ರಚಿಸಿದ ಬಸವಪುರಾಣವಾಗಲಿ, ಚಾಮರಸನ ಪ್ರಭುಲಿಂಗಲೀಲೆಯಾಗಲಿ ಭಾಮಿನೀ ಷಟ್ಪದಿಯ ಪ್ರೌಢ ಕಾವ್ಯಗಳು. ಯಾವ ಸೂತ್ರದಿಂದ ಅಳೆದರೂ ಅವು ಸಾಮಾನ್ಯ ರೈತನಿಗೆ ಎಟುಕುವ ಗ್ರಂಥಗಳಲ್ಲ. ಆದರೂ ಒಬ್ಬರು ಪದ್ಯವನ್ನು ರಾಗವಾಗಿ ಓದುವರು, ಮತ್ತೊಬ್ಬರು ಅರ್ಥವನ್ನು ಬಿಡಿಸಿ ಹೇಳುವರು. ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಕಥೆ ಸಾಗಿ ತಿಂಗಳ ಕೊನೆಗೆ ಪುರಾಣ ಮಂಗಲವಾಗುವುದು. ಅಷ್ಟರೊಳಗೆ ಅಕ್ಷರವನ್ನರಿಯದ ಮುದುಕಿಗೂ ಕಥೆಯೆಲ್ಲ ಕಂಠಸ್ಥ. ಇಲ್ಲಿ ಗ್ರಂಥವನ್ನು ಮೊಟಕುಗೊಳಿಸಲಿಲ್ಲ, ಕೇಳುಗರನ್ನು ಹೊರಗಿಡಲಿಲ್ಲ. ಕಾಲವನ್ನೂ ಜೊತೆಗಾರನನ್ನೂ ಒದಗಿಸಲಾಯಿತು, ಅಷ್ಟೆ.

‘ಟ್ರೆಷರ್ ಐಲೆಂಡ್’ ಬ್ರೇಮಾರಿನ ಮನೆಯಲ್ಲಿ ಹುಟ್ಟಿದುದೂ ಇದೇ ರೀತಿಯಲ್ಲಿ. ಎರಡು ಸಾವಿರ ಪದಗಳ ಅಧ್ಯಾಯವನ್ನು ಗಟ್ಟಿಯಾಗಿ ಓದಲು ಹದಿಮೂರು ಹದಿನಾಲ್ಕು ನಿಮಿಷಗಳು ಸಾಕು. ನಡುನಡುವೆ ಅರ್ಥ ಹೇಳಿದರೆ ಅರ್ಧ ಗಂಟೆ. ವಿದ್ಯಾರ್ಥಿ ನಿಲಯದಲ್ಲಿ ರಾತ್ರಿಯ ಪ್ರಸಾದದ ಅನಂತರ ಅಷ್ಟು ಹೊತ್ತನ್ನು ಮೀಸಲಿಟ್ಟರೆ 34 ದಿನಗಳಲ್ಲಿ, ಎಂದರೆ ಐದು ವಾರಗಳೊಳಗೆ, ವೇಗದವರೂ ನಿಧಾನದವರೂ ಏಕಕಾಲಕ್ಕೆ ನಿಧಿಯ ದ್ವೀಪವನ್ನು ತಲುಪುತ್ತಾರೆ. ಪುಸ್ತಕದಲ್ಲಿರುವ ನಕ್ಷೆಯನ್ನು ದೊಡ್ಡದಾಗಿ ಬರೆದು ಗೋಡೆಗೆ ತೂಗುಹಾಕಿದರೆ ಅರ್ಧದಷ್ಟು ಗೊಂದಲ ಪರಿಹಾರವಾಗುತ್ತದೆ. ಅರ್ಧ ಕೇಳಿದ ಮೇಲೆ ಮುಂದಿನದನ್ನು ತಾವಾಗಿಯೇ ಓದಲು ಮಕ್ಕಳು ಮುಗಿಬಿದ್ದರೆ ಆಶ್ಚರ್ಯವಿಲ್ಲ.

ಇದರಿಂದ ಆಡಳಿತ ಮಂಡಳಿಯವರೂ ದಾನಿಗಳೂ ಗ್ರಹಿಸಬೇಕಾದುದು ಅಲ್ಪವೇ, ಆದರೆ ಅವಶ್ಯವಾದುದು. ಪುಸ್ತಕದ ಅವಧಿಯನ್ನು ದಿನಗಳಿಂದಲ್ಲ, ಓದುಗನ ವೇಗದಿಂದ ನಿರ್ಧರಿಸುವಂತಾಗಬೇಕು. ನಿಧಾನದ ಓದುಗನಿಗೆ ಐದು ವಾರಗಳಾದರೂ ದೊರೆಯಬೇಕು. ನೂರು ಬೇರೆ ಬೇರೆ ಪುಸ್ತಕಗಳ ಒಂದೊಂದು ಪ್ರತಿಯನ್ನು ಕೊಡುವ ದಾನಿಯು, ಹತ್ತು ಒಳ್ಳೆಯ ಪುಸ್ತಕಗಳ ಹತ್ತು ಹತ್ತು ಪ್ರತಿಗಳನ್ನು ಕೊಡುವುದು ಹೆಚ್ಚು ಫಲಪ್ರದವಾಗಬಹುದು. ಏಕೆಂದರೆ ಜೊತೆಯಾಗಿ ಓದುವವರಿಗೆ ಕಾಠಿನ್ಯವು ಅರ್ಧವಾಗುತ್ತದೆ. ವೇಳಾಪಟ್ಟಿಯಲ್ಲಿ ವಾರಕ್ಕೆ ನಲವತ್ತು ನಿಮಿಷಗಳ ಒಂದು ಅವಧಿಯನ್ನು ಮಾತ್ರ ಓದಿಗೆ ಮೀಸಲಿಟ್ಟರೆ, ನಿಮಿಷಕ್ಕೆ ನೂರು ಪದಗಳ ಬಾಲಕನಿಗೆ ಈ ಒಂದು ಪುಸ್ತಕಕ್ಕೆ ಹದಿನೇಳು ವಾರಗಳು ಬೇಕೆಂಬ ಲೆಕ್ಕವನ್ನೂ ಅಧ್ಯಾಪಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ದಾಸೋಹದ ಪಂಕ್ತಿಯಲ್ಲಿ ಬೇಗ ಉಂಡವನು ಏಳುವನೆಂದು ನಿಧಾನವಾಗಿ ಉಣ್ಣುವವನ ಎಲೆಯನ್ನು ಯಾರೂ ಎತ್ತುವುದಿಲ್ಲ. ಅವನು ಉಂಡು ಮುಗಿಸುವವರೆಗೆ ಬಡಿಸುವವರು ಕಾಯುತ್ತಾರೆ. ಕೇಳಿದರೆ ಮತ್ತೆ ಬಡಿಸುತ್ತಾರೆ. ಅನ್ನದ ಪಂಕ್ತಿಯಲ್ಲಿ ನಡೆದುಬಂದ ಈ ಮರ್ಯಾದೆ ಅಕ್ಷರದ ಪಂಕ್ತಿಯಲ್ಲಿಯೂ ನೆಲೆಗೊಂಡರೆ, ಕಪಾಟಿನಲ್ಲಿ ಹಳದಿಯಾಗುತ್ತಿರುವ ಪುಸ್ತಕಗಳು ಮಕ್ಕಳ ಕೈಯಲ್ಲಿ ಸವೆದು ಹಳೆಯದಾಗುವ ಭಾಗ್ಯವನ್ನು ಪಡೆಯುವುವು.